ಚಕ್ರದೊಳಗಿನ ಧ್ರುವಗಳನ್ನು ಎಣಿಸುವ ಬಗೆ

ಮುಂಡರಗಿ, ಶಿರಹಟ್ಟಿ ಕಡೆಯ ಹೊಲಗಳಲ್ಲಿ ನೀರೆತ್ತುವ ಪಂಪಿನ ಮೋಟಾರನ್ನು ನೀವು ನೋಡಿರುತ್ತೀರಿ. ಅದರ ಫಲಕದ ಮೇಲೆ 50 ಹರ್ಟ್ಸ್, ನಿಮಿಷಕ್ಕೆ 1440 ಸುತ್ತು ಎಂದಿದ್ದರೆ, ಒಳಗೆ ಎಷ್ಟು ಧ್ರುವಗಳಿವೆ ಎಂಬುದನ್ನು ಬಿಚ್ಚದೆಯೇ ಹೇಳಬಹುದು. 50ನ್ನು 60ರಿಂದ ಗುಣಿಸಿದರೆ 3000. ಧ್ರುವಗಳು ಒಂದು ಜೋಡಿ ಇದ್ದರೆ ಕಾಂತಕ್ಷೇತ್ರ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಎರಡು ಜೋಡಿ ಇದ್ದರೆ 1500. ಇಂಡಕ್ಷನ್ ಮೋಟಾರು ಕ್ಷೇತ್ರಕ್ಕಿಂತ ಕೊಂಚ ಹಿಂದೆ ಬೀಳುವುದರಿಂದ 1440. ಅಂದರೆ ಧ್ರುವಜೋಡಿ ಎರಡು.

ಗದಗ-ಬೆಟಗೇರಿಯಲ್ಲಾಗಲಿ ಲಕ್ಷ್ಮೇಶ್ವರದಲ್ಲಾಗಲಿ ಈಗ ವಿದ್ಯುತ್ ಸೈಕಲ್ಲು, ಸ್ಕೂಟರು ಹೊಸದಲ್ಲ. ಅವುಗಳಲ್ಲಿ ಹಲವಕ್ಕೆ ಮೋಟಾರು ಚಕ್ರದ ನಡುವೆಯೇ ಇರುತ್ತದೆ. ಇದೇ ಹಬ್ ಮೋಟಾರು. ಚಕ್ರ ನಿಧಾನವಾಗಿ ತಿರುಗಬೇಕಾದ್ದರಿಂದ ಇದರಲ್ಲಿ ಧ್ರುವಗಳು ಬಹಳ. ಗೇರಿಲ್ಲದ ಹಲವು ಹಬ್ ಮೋಟಾರುಗಳಲ್ಲಿ 46 ಕಾಂತಗಳಿರುತ್ತವೆ, ಎಂದರೆ 23 ಜೋಡಿ. ಆದರೆ ಈ ಸಂಖ್ಯೆಯನ್ನು ಸಾಮಾನ್ಯವಾಗಿ ಮೋಟಾರಿನ ಮೇಲೆ ಬರೆದಿರುವುದಿಲ್ಲ.

ಅದನ್ನು ತಿಳಿದು ಆಗಬೇಕಾದ್ದೇನು? ಹೊಸ ಕಂಟ್ರೋಲರು ಹಾಕಿದಾಗ ಅದು ಮೋಟಾರಿನ ವಿದ್ಯುತ್ ಆವರ್ತಗಳನ್ನು ಎಣಿಸಿ, ಧ್ರುವಜೋಡಿಯಿಂದ ಭಾಗಿಸಿ ವೇಗವನ್ನು ಲೆಕ್ಕಹಾಕುತ್ತದೆ. 23 ಎನ್ನಬೇಕಾದಲ್ಲಿ ಕಾಂತಗಳ ಸಂಖ್ಯೆ 46ನ್ನೇ ಕೊಟ್ಟಿರೆನ್ನಿ. ಗಾಡಿ ಗಂಟೆಗೆ 40 ಕಿ.ಮೀ. ಓಡುತ್ತಿದ್ದರೂ ಮೀಟರು 20 ಎಂದೇ ತೋರಿಸುತ್ತದೆ! 25ಕ್ಕೆ ಕಟ್ಟಿದ ವೇಗದ ಮಿತಿಯೂ ಹುಸಿಯಾಗುತ್ತದೆ. ಪರವಾನಗಿ ಬೇಡದ ವಿದ್ಯುತ್ ಗಾಡಿಯ ವೇಗ ಗಂಟೆಗೆ 25 ಕಿ.ಮೀ. ಮೀರಬಾರದೆಂಬ ನಿಯಮವಿದೆ. ಅಂಥ ಗಾಡಿ ಓಡಿಸುವ ಹುಡುಗನಿಗೆ ಈ ತಪ್ಪು ಅಪಾಯಕಾರಿ.

ಎಣಿಸಲು ಎರಡು ಸುಲಭ ದಾರಿಗಳಿವೆ. ಎರಡರಲ್ಲೂ ಮೊದಲು ಬ್ಯಾಟರಿ ಬೇರ್ಪಡಿಸಿ, ಮೋಟಾರಿನ ತಂತಿಗಳನ್ನು ಕಂಟ್ರೋಲರಿನಿಂದ ಕಳಚಿ, ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಬೇಕು. ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ.

ಮೊದಲನೆಯದು: ಮೂರು ದಪ್ಪ ತಂತಿಗಳಲ್ಲಿ ಯಾವುದಾದರೂ ಎರಡಕ್ಕೆ, ಪ್ರಯೋಗಾಲಯದ ಪೂರೈಕೆಯಿಂದ ಒಂದೆರಡು ಆಂಪಿಯರ್ ಮೀರದಂತೆ ನೇರ ವಿದ್ಯುತ್ ಹರಿಸಿ. ಕೈಯಿಂದ ಚಕ್ರ ತಿರುಗಿಸಿದರೆ ಅದು ತಡೆದು ತಡೆದು ನಿಲ್ಲುತ್ತದೆ. ಪೂರ್ತಿ ಒಂದು ಸುತ್ತಿನಲ್ಲಿ ಎಷ್ಟು ನಿಲುಗಡೆಗಳೋ ಅಷ್ಟೇ ಧ್ರುವಜೋಡಿಗಳು.

ಎರಡನೆಯದು: ಹಾಲ್ ಸಂವೇದಕಗಳಿದ್ದರೆ ಅವುಗಳಿಗೆ 5 ವೋಲ್ಟ್ ಕೊಡಿ. ಒಂದು ಸಂಕೇತ ತಂತಿಯನ್ನು 10 ಕಿಲೋಓಮ್ ರೋಧಕದ ಮೂಲಕ ಅದೇ 5 ವೋಲ್ಟಿಗೆ ಸೇರಿಸಿ, ಸಂಕೇತ ತಂತಿಗೂ ಋಣ ತಂತಿಗೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ, ಮುಳ್ಳು ಸೊನ್ನೆಯಿಂದ 5ಕ್ಕೆ ಏರುವುದನ್ನು ಎಣಿಸಿ. ಐದು ಸುತ್ತಿಗೆ 115 ಸಲ ಏರಿದರೆ, ಸುತ್ತಿಗೆ 23.

ಒಂದು ಎಚ್ಚರಿಕೆ. ಕೆಲವು ಹಬ್ ಮೋಟಾರುಗಳೊಳಗೆ ಗೇರುಗಳಿರುತ್ತವೆ. ಅವುಗಳಲ್ಲಿ ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ಒಳಗಿನ ಮೋಟಾರು ಸುಮ್ಮನಿರಬಹುದು; ಹಿಂದಕ್ಕೆ ತಿರುಗಿಸಿ ನೋಡಬೇಕು. ಆಗ ಸಿಗುವ ಸಂಖ್ಯೆ ಧ್ರುವಜೋಡಿ ಮತ್ತು ಗೇರಿನ ಅನುಪಾತಗಳ ಗುಣಲಬ್ಧ.

ನಿಮ್ಮ ಅಧ್ಯಾಪಕರ ಎದುರಿನಲ್ಲಿ ಎರಡೂ ವಿಧಾನಗಳನ್ನು ಮಾಡಿ ನೋಡಿ. ಎರಡು ಉತ್ತರಗಳೂ ಒಂದೇ ಆಗುವವರೆಗೆ ಕಂಟ್ರೋಲರಿಗೆ ಯಾವ ಸಂಖ್ಯೆಯನ್ನೂ ಕೊಡಬೇಡಿ.