ಹೀಲಿಯಂ ಏಕೆ ಉರಿಯುವುದಿಲ್ಲ?

ಪ್ರಶ್ನೆ: ಹೈಡ್ರೋಜನ್ ಬಲೂನಿಗೆ ಕಿಡಿ ತಾಗಿದರೆ ಧಗ್ಗನೆ ಉರಿಯುತ್ತದೆ, ಹೀಲಿಯಂ ಬಲೂನು ಉರಿಯುವುದಿಲ್ಲ. ಎರಡೂ ಹಗುರ ಅನಿಲಗಳೇ ಅಲ್ಲವೇ?

ಉತ್ತರ: ಹಗುರತನಕ್ಕೂ ಉರಿಯುವುದಕ್ಕೂ ಸಂಬಂಧವಿಲ್ಲ, ಇದೆಲ್ಲ ಎಲೆಕ್ಟ್ರಾನುಗಳ ಲೆಕ್ಕ. ಪರಮಾಣುವಿನ ಮೊದಲ ಕವಚದಲ್ಲಿ ಎರಡೇ ಎಲೆಕ್ಟ್ರಾನುಗಳಿಗೆ ಜಾಗ. ಹೈಡ್ರೋಜನ್ನಿನಲ್ಲಿರುವುದು ಒಂದೇ. ಹಾಗಾಗಿ ಎರಡು ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಅಣುವಾಗಿರುತ್ತವೆ. ಗಾಳಿಯಲ್ಲಿರುವ ಆಕ್ಸಿಜನ್ನಿನ ಹೊರಕವಚದಲ್ಲಿ ಆರಿವೆ, ಇನ್ನೆರಡು ಬೇಕು. ಕಿಡಿಯೊಂದರ ನೆಪ ಸಿಕ್ಕರೆ ಸಾಕು, ಹಳೆಯ ಬಂಧಗಳು ಮುರಿದು ನೀರಿನ ಅಣುವಿನ ಗಟ್ಟಿ ಬಂಧಗಳು ಏರ್ಪಡುತ್ತವೆ. ಆಗ ಹೊರಬೀಳುವ ಶಕ್ತಿಯೇ ಆ ಬೆಂಕಿ.

ಹೀಲಿಯಂಗೆ ಎರಡೂ ಇವೆ, ಕವಚ ಭರ್ತಿ. ಹಾಗಾಗಿ ಅದು ಆಕ್ಸಿಜನ್ ಜೊತೆ ಕೂಡುವುದಿಲ್ಲ, ಉರಿಯುವುದೂ ಇಲ್ಲ. ಹಾಗೆಂದು ಅದರ ಬಳಗದ ಅನಿಲಗಳೆಲ್ಲ ಪೂರ್ತಿ ಜಡ ಎಂದು ನಂಬಬೇಡಿ. ಅದೇ ಬಳಗದ ಕ್ಸೆನಾನಿನ ಹೊರ ಎಲೆಕ್ಟ್ರಾನುಗಳು ನ್ಯೂಕ್ಲಿಯಸ್ಸಿನಿಂದ ದೂರವಿದ್ದು, ಹಿಡಿತ ಸಡಿಲ. 1962ರಲ್ಲಿ ರಸಾಯನಶಾಸ್ತ್ರಜ್ಞ ನೀಲ್ ಬಾರ್ಟ್ಲೆಟ್ ಕ್ಸೆನಾನನ್ನು ಪ್ಲಾಟಿನಂ ಹೆಕ್ಸಾಫ್ಲೋರೈಡ್ ಜೊತೆ ಕೂಡಿಸಿ ಸಂಯುಕ್ತವನ್ನೇ ತಯಾರಿಸಿದರು.