ಹಳೆಯ ಜೀಪು-ಪಿಕಪ್ಪಿನ ಮುಂಭಾಗದ ಸ್ಪ್ರಿಂಗು ಬದಲಾಯಿಸುವ ಮುನ್ನ

ಗೊಬ್ಬರಕ್ಕೆಂದೋ ಮೈಲುತುತ್ತಕ್ಕೆಂದೋ ಸಂಘದ ಕಛೇರಿಗೆ ಬರುವ ಸದಸ್ಯ ಬಾಂಧವರಲ್ಲಿ ಹಲವರು ಈಚೆಗೆ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ತೋಟದ ಹಳೆಯ ಜೀಪು-ಪಿಕಪ್ಪಿನ ಮುಂಭಾಗ ತೀರ ಕುಣಿಯುತ್ತದೆ, ಸ್ಟೀರಿಂಗು ನಡುಗುತ್ತದೆ. ಗುಜರಿಯಲ್ಲಿ ಹೊಸ ಗಾಡಿಯ ಮುಂಭಾಗದ ಕಾಯಿಲ್ ಸ್ಪ್ರಿಂಗಿನ ಜೋಡಣೆ ಇಡಿಯಾಗಿ ಸಿಗುತ್ತದಂತೆ, ಅದನ್ನೇ ತಂದು ಕೂರಿಸಿದರೆ ಹೇಗೆ ಎಂದು. ನಾವು ಪದವಿ ಪಡೆದವರಾದರೂ ಯಂತ್ರಶಾಸ್ತ್ರದಲ್ಲಿ ಅಲ್ಲ. ಆದರೆ ಇದೇ ವಿಷಯದಲ್ಲಿ ಪೆಟ್ಟು ತಿಂದವರಾದ್ದರಿಂದ, ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ತೋಟದ ಪಿಕಪ್ಪನ್ನು ಪೇಟೆಯ ಒಂದು ಗ್ಯಾರೇಜಿಗೆ ಬಿಟ್ಟೆವು. ಮುಂಭಾಗ ಕುಸಿದಿದೆ ಎಂದು ಅವರು ಎರಡೂ ಕಡೆ ಒಂದೊಂದು ಪಟ್ಟಿ ಹೆಚ್ಚಿಗೆ ಸೇರಿಸಿ, ಉದ್ದದ ಶಾಕಲ್ ಹಾಕಿ, ಗಾಡಿಯನ್ನು ಮೂರು ಇಂಚು ಎತ್ತರಿಸಿ ಕೊಟ್ಟರು. ನೋಡಲು ಬಹಳ ಠೀವಿಯಾಗಿತ್ತು. ಹಿಂದೆ ಹನ್ನೆರಡು ಚೀಲ ಚೆರ್ರಿ, ಅದರ ಮೇಲೆ ನಾಲ್ಕು ಜನ ಆಳುಗಳು. ಕಣದಿಂದ ಇಳಿಯುವ ಇಳಿಜಾರಿನಲ್ಲಿ ಎಡಚಕ್ರ ಗುಂಡಿಗೆ ಬಿದ್ದ ಕೂಡಲೇ ಗಾಡಿ ತಾನಾಗಿಯೇ ಎಡಕ್ಕೆ ತಿರುಗಿತು. ಕೆಳಗೆ ಇಪ್ಪತ್ತಡಿ ಆಳದಲ್ಲಿ ಅಡಿಕೆ ತೋಟ. ಅಂಚಿನಲ್ಲಿದ್ದ ಒಂದು ಸಿಲ್ವರ್ ಓಕ್ ಮರ ತಡೆಯಿತು. ಒಬ್ಬಾಕೆಯ ಮಣಿಕಟ್ಟು ಮುರಿಯಿತು. ಸಾಮಾನಿನ ಗಾಡಿಯಲ್ಲಿ ಜನರನ್ನು ಕೂರಿಸಿದ್ದು ನಮ್ಮದೇ ತಪ್ಪು. ಅದನ್ನು ಗ್ಯಾರೇಜಿನವರ ತಲೆಗೆ ಕಟ್ಟುವುದಿಲ್ಲ. ಆದರೆ ಗಾಡಿ ತಿರುಗಿದ್ದು ಏಕೆ ಎಂಬುದು ತಿಳಿಯಲು ನಮಗೆ ಮೂರು ತಿಂಗಳು ಬೇಕಾಯಿತು.

ಮಹೀಂದ್ರದವರು 1947ರಿಂದ ಮುಂಬಯಿಯಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪಿನ ವಂಶದ ಗಾಡಿಗಳಲ್ಲಿ ಮುಂದೆ ಒಂದು ಇಡೀ ಆಕ್ಸಲ್ಲು, ಅದಕ್ಕೆ ಎರಡು ಕಡೆ ಪಟ್ಟಿ ಸ್ಪ್ರಿಂಗು. ಈ ಪಟ್ಟಿಯ ಕೆಲಸ ಎರಡು. ಒಂದು, ಭಾರ ಹೊರುವುದು. ಇನ್ನೊಂದು, ಆಕ್ಸಲ್ಲನ್ನು ಹಿಂದೆ ಮುಂದೆ ಸರಿಯದಂತೆ ಹಿಡಿದು ನಿಲ್ಲಿಸುವುದು. ಕಾಯಿಲ್ ಸ್ಪ್ರಿಂಗಿಗೆ ಮೊದಲನೆಯದು ಮಾತ್ರ ಗೊತ್ತು. ಚಕ್ರವನ್ನು ಹಿಡಿದಿಡಲು ಬೇರೆ ತೋಳುಗಳು ಬೇಕು, ಆ ತೋಳುಗಳಿಗೆ ಚಾಸಿಯಲ್ಲಿ ಭದ್ರವಾದ ನೆಲೆ ಬೇಕು.

ಈಗ ಸ್ಟೀರಿಂಗಿನ ವಿಷಯ. ಹಳೆಯ ಜೀಪಿನಲ್ಲಿ ಚಾಸಿಯ ಮುಂಭಾಗದ ಅಡ್ಡಪಟ್ಟಿಗೆ ಬೆಲ್ ಕ್ರ್ಯಾಂಕ್ ಎಂಬ ತುಂಡು ಇರುತ್ತದೆ. ಅಲ್ಲಿಂದ ಟೈ ರಾಡುಗಳು ಚಕ್ರಗಳಿಗೆ ಹೋಗುತ್ತವೆ. ಅಂದರೆ ರಾಡಿನ ಒಂದು ತುದಿ ಚಾಸಿಯೊಂದಿಗೆ, ಇನ್ನೊಂದು ತುದಿ ಆಕ್ಸಲ್ಲಿನೊಂದಿಗೆ ಏರಿಳಿಯುತ್ತದೆ. ರಾಡು ಹೆಚ್ಚುಕಡಿಮೆ ಮಟ್ಟಸವಾಗಿದ್ದರೆ ಚಕ್ರ ಗುಂಡಿಗೆ ಬಿದ್ದರೂ ದಿಕ್ಕು ಬದಲಾಗುವುದು ಅತ್ಯಲ್ಪ. ಗಾಡಿಯನ್ನು ಮೂರು ಇಂಚು ಎತ್ತರಿಸಿದರೆ ರಾಡು ಓರೆಯಾಗುತ್ತದೆ; ಆಗ ಚಕ್ರ ಏರಿಳಿದಾಗಲೆಲ್ಲ ರಾಡು ಅದನ್ನು ತಳ್ಳುತ್ತದೆ ಅಥವಾ ಎಳೆಯುತ್ತದೆ. ಚಾಲಕ ಕೈ ಆಡಿಸದಿದ್ದರೂ ಗಾಡಿ ತಿರುಗುತ್ತದೆ. ಸಾಲದ್ದಕ್ಕೆ ಈ ಜೀಪುಗಳಲ್ಲಿ ಶಾಕಲ್ ಇರುವುದು ಪಟ್ಟಿಯ ಮುಂತುದಿಗೆ. ಉದ್ದದ ಶಾಕಲ್ ಹಾಕಿದರೆ ಪಟ್ಟಿಯ ಮುಂತುದಿ ತಗ್ಗಿ, ಕಿಂಗ್‌ಪಿನ್ನಿನ ತಲೆ ಮುಂದಕ್ಕೆ ವಾಲುತ್ತದೆ. ಕಿಂಗ್‌ಪಿನ್ನಿನ ತಲೆ ತುಸು ಹಿಂದಕ್ಕೆ ವಾಲಿದ್ದರೇ ತಿರುವಿನ ನಂತರ ಸ್ಟೀರಿಂಗು ತಾನಾಗಿ ನೇರಕ್ಕೆ ಮರಳುವುದು. ನಮ್ಮ ಗಾಡಿಯಲ್ಲಿ ಈ ಎರಡೂ ದೋಷಗಳು ಒಟ್ಟಿಗೆ ಸೇರಿದ್ದವು.

ಹಾಗಾದರೆ ಮುಂಭಾಗವನ್ನೇ ಪೂರ್ತಿ ಬದಲಿಸುವುದು? ಹಳೆಯ ಪಿಕಪ್ಪುಗಳಿಗೆ ಹೀಗೆ ಮಾಡುವ ಹವ್ಯಾಸ ಅಮೆರಿಕದಲ್ಲಿ ಬಹಳ ಬೆಳೆದಿದೆ. ಅಲ್ಲಿ 1953ರಿಂದ 1956ರವರೆಗಿನ ಫೋರ್ಡ್ ಎಫ್-100 ಪಿಕಪ್ಪುಗಳಿಗೆ ಮುಂದೆ ಇಡೀ ಆಕ್ಸಲ್ಲು, ಪಟ್ಟಿ ಸ್ಪ್ರಿಂಗು. ಇವುಗಳನ್ನು ಈಗ ಇಟ್ಟುಕೊಂಡವರು ಆಕ್ಸಲ್ಲನ್ನು ಕಿತ್ತು, 1974ರಿಂದ 1978ರವರೆಗೆ ಬಂದ ಮಸ್ಟಾಂಗ್-2 ಕಾರಿನ ಮಾದರಿಯ, ಚಕ್ರಗಳು ಬೇರೆಬೇರೆಯಾಗಿ ಆಡುವ ಮುಂಭಾಗವನ್ನು ಬೆಸೆಯುತ್ತಾರೆ. ಇನ್ನು ಕೆಲವರು 2003ರ ನಂತರದ ಫೋರ್ಡ್ ಕ್ರೌನ್ ವಿಕ್ಟೋರಿಯಾ ಕಾರಿನ ಅಲ್ಯೂಮಿನಿಯಂ ಅಡ್ಡತೊಲೆಯನ್ನೇ ಎತ್ತಿ ಕೂರಿಸುತ್ತಾರೆ. ಅದು ಗಟ್ಟಿಮುಟ್ಟು, ಆದರೆ ಅಗಲ ಹೆಚ್ಚಾದ್ದರಿಂದ ಚಕ್ರ ಮಡ್‌ಗಾರ್ಡಿನಿಂದ ಹೊರಗೆ ಇಣುಕುತ್ತದೆ. ಮೊದಲನೆಯದು ಅಗಲದಲ್ಲಿ ಹೊಂದುತ್ತದೆ, ಮೂಲತಃ ಹಗುರವಾದ ಸಣ್ಣ ಕಾರಿನದು. ಅಂತೂ ಅಲ್ಲಿಯೂ ಆಯ್ಕೆ ಸಲೀಸಲ್ಲ.

ಆ ಪಿಕಪ್ಪುಗಳು ಬಹುತೇಕ ಹಿಂದಿನ ಎರಡು ಚಕ್ರಗಳಿಂದ ಓಡುವಂಥವು. ನುಣುಪಾದ ಡಾಂಬರಿನಲ್ಲಿ, ಖಾಲಿ ಪೆಟ್ಟಿಗೆಯೊಂದಿಗೆ, ಭಾನುವಾರ ಹೊರಗೆ ಬರುವಂಥವು. ಅಂಥ ಬಳಕೆಗೆ ಆ ಬದಲಾವಣೆ ನಿಜಕ್ಕೂ ಒಳ್ಳೆಯದೇ. ಒಂದು ಚಕ್ರದ ಪೆಟ್ಟು ಇನ್ನೊಂದಕ್ಕೆ ತಾಗುವುದಿಲ್ಲ, ವೇಗದಲ್ಲಿ ಗಾಡಿ ನೆಟ್ಟಗೆ ಹೋಗುತ್ತದೆ. ನಮ್ಮದು ನಾಲ್ಕು ಚಕ್ರ ಎಳೆಯುವ ಗಾಡಿ. ಮುಂದಿನ ಆಕ್ಸಲ್ಲಿನ ಒಳಗೆ ಡಿಫರೆನ್ಶಿಯಲ್ಲು ಇದೆ. ಅದನ್ನು ಕಿತ್ತರೆ ಆಷಾಢದ ಕೆಸರಿನಲ್ಲಿ ಮುಂದಿನ ಚಕ್ರದ ಎಳೆತವೂ ಹೋಯಿತು. ಇನ್ನೊಂದು ಮಾತು: ಇಡೀ ಆಕ್ಸಲ್ಲಿನ ಗಾಡಿಯಲ್ಲಿ ಎಷ್ಟೇ ಭಾರ ಹೇರಿದರೂ ಡಿಫರೆನ್ಶಿಯಲ್ಲಿಗೂ ನೆಲಕ್ಕೂ ಇರುವ ಅಂತರ ಕಡಿಮೆಯಾಗುವುದಿಲ್ಲ, ಅದು ಟೈರಿನ ಎತ್ತರವನ್ನು ನೆಚ್ಚಿಕೊಂಡದ್ದು. ಬೇರೆಬೇರೆ ಆಡುವ ಜೋಡಣೆಯಲ್ಲಿ ಚಾಸಿ ತಗ್ಗಿದಂತೆ ಮುಂಭಾಗದ ತಳವೂ ತಗ್ಗಿ, ಕಲ್ಲಿಗೆ ತಗಲುತ್ತದೆ. ಜೀಪಿನ ಚಾಸಿ ಸ್ವಲ್ಪ ತಿರುಚಿಕೊಳ್ಳುವಂಥದ್ದು ಎಂಬುದನ್ನೂ ಮರೆಯಬಾರದು. ಅಂಥದ್ದಕ್ಕೆ ಪೇಟೆಯ ಬೆಸುಗೆಯವರು ಅಂದಾಜಿನಲ್ಲಿ ಬೆಸೆದ ಅಡ್ಡತೊಲೆ ಎಷ್ಟು ಮಳೆಗಾಲ ಬಾಳೀತು?

ಕಾನೂನಿನ ತೊಡಕೂ ಇದೆ. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಗಿಯಾಗಿಯೇ ಎತ್ತಿ ಹೇಳಿದೆ. ಐವತ್ತು ವರ್ಷ ದಾಟಿದ ಗಾಡಿಯನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸುವ ಆಸೆಯಿರುವವರು ಚಾಸಿಯನ್ನು ಮುಟ್ಟುವಂತೆಯೇ ಇಲ್ಲ. ಅಪಘಾತವಾದಾಗ ವಿಮಾ ಕಂಪೆನಿಯವರು ಮೊದಲು ಹುಡುಕುವುದೂ ಇಂಥ ಬೆಸುಗೆಯನ್ನೇ.

ಆದುದರಿಂದ ಇದ್ದ ಆಕ್ಸಲ್ಲನ್ನೇ ಇಟ್ಟುಕೊಂಡು ಪಟ್ಟಿಯನ್ನು ಹೊಸತು ಮಾಡುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೂ ಮೊದಲು ದೋಷ ಪಟ್ಟಿಯಲ್ಲೇ ಇದೆಯೇ ಎಂದು ನೋಡತಕ್ಕದ್ದು. ಮುಂಭಾಗವನ್ನು ಜಾಕಿಯಿಂದ ಎತ್ತಿ, ಕೆಳಗೆ ಗಟ್ಟಿಯಾದ ಆಧಾರ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಕಂಡುಬಂದರೆ ಇನ್ನೊಬ್ಬರಿಗೆ ಬ್ರೇಕು ತುಳಿಯಲು ಹೇಳಿ. ಆಟ ನಿಂತರೆ ಚಕ್ರದ ಬೇರಿಂಗು ಸವೆದಿದೆ, ನಿಲ್ಲದಿದ್ದರೆ ಕಿಂಗ್‌ಪಿನ್ನು. ಎಡಬಲಕ್ಕೆ ಹಿಡಿದಾಗ ಆಡಿದರೆ ಟೈ ರಾಡಿನ ತುದಿಗಳನ್ನೂ ಬೆಲ್ ಕ್ರ್ಯಾಂಕಿನ ಬುಷ್ಷನ್ನೂ ನೋಡಿ. ಪಟ್ಟಿಯ ದೋಷವೆಂದು ನಮ್ಮ ಬಳಿಗೆ ಬಂದ ಎರಡು ಗಾಡಿಗಳು ಇಷ್ಟರಲ್ಲೇ ಸರಿಹೋದವು.

ಪಟ್ಟಿಯೇ ಸೋತಿದ್ದರೆ ಮೂಲದಷ್ಟೇ ಪಟ್ಟಿಗಳ, ಮೂಲದಷ್ಟೇ ಬಾಗಿನ ಹೊಸ ಜೋಡಿಯನ್ನು ಹಾಕಿಸಿ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿದ ಪಟ್ಟಿ ಬೇಡ. ಉಕ್ಕಿನ ಹದ ಹೋಗಿ ಆರು ತಿಂಗಳಲ್ಲಿ ಮತ್ತೆ ಮಲಗುತ್ತದೆ. ಕಡಿಮೆ ಪಟ್ಟಿಗಳ ಪ್ಯಾರಾಬೋಲಿಕ್ ಸ್ಪ್ರಿಂಗು ಮೆತ್ತಗಿರುತ್ತದೆ, ಆದರೆ ಪಟ್ಟಿಗಳು ಒಂದಕ್ಕೊಂದು ಉಜ್ಜುವುದು ಕಡಿಮೆಯಾದ್ದರಿಂದ ಒಳ್ಳೆಯ ಶಾಕ್ ಅಬ್ಸಾರ್ಬರ್ ಇಲ್ಲದೆ ಗಾಡಿ ತೊಟ್ಟಿಲಾಗುತ್ತದೆ. ಆಕ್ಸಲ್ಲಿನ ಕೆಳಗಿರುವ ಪಟ್ಟಿಯನ್ನು ಮೇಲಕ್ಕೆ ಹಾಕಿಸಿ ನಾಲ್ಕೈದು ಇಂಚು ಎತ್ತರಿಸುವ ಹುಡುಗರ ಷೋಕಿಯ ಬಗ್ಗೆ ಹೇಳಬೇಕಾದ್ದನ್ನು ಮೇಲೆ ಹೇಳಿಯಾಗಿದೆ. ಯು ಬೋಲ್ಟುಗಳು ಹೊಸತೇ ಆಗಬೇಕು. ರಬ್ಬರ್ ಬುಷ್ ಇದ್ದರೆ ಶಾಕಲ್ ಬೋಲ್ಟುಗಳನ್ನು ಗಾಡಿ ನೆಲಕ್ಕಿಳಿದು ಭಾರ ಕೂತ ಮೇಲೆಯೇ ಬಿಗಿಯಬೇಕು. ಕೆಲವು ದಿನ ಹೊರೆ ಹೊತ್ತು ಓಡಿದ ನಂತರ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಗ್ಯಾರೇಜಿನವರು ಇದನ್ನು ನೆನಪಿಸುವುದಿಲ್ಲ.

ಗಾಡಿಯನ್ನು ಗ್ಯಾರೇಜಿಗೆ ಬಿಡುವ ಮೊದಲು, ಮಟ್ಟಸವಾದ ಕಣದಲ್ಲಿ ನಿಲ್ಲಿಸಿ ಎರಡೂ ಕಡೆ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಅಳತೆಯನ್ನು ಖಾಲಿಯಲ್ಲೊಮ್ಮೆ, ಹೊರೆಯಲ್ಲೊಮ್ಮೆ ತೆಗೆದು ಬರೆದಿಟ್ಟುಕೊಳ್ಳಿ. ವಾಪಸು ಬಂದ ದಿನ ಮತ್ತೆ ಅಳೆಯಿರಿ. ಹೊಸ ಪಟ್ಟಿ ಹಾಕಿಸಿದ ಮೇಲೆ ತೆಗೆದ ನಮ್ಮ ಗಾಡಿಯ ಅಳತೆಗಳು ಸಂಘದ ಕಛೇರಿಯಲ್ಲಿವೆ. ಅದೇ ಮಾದರಿಯ ಗಾಡಿಯುಳ್ಳ ಸದಸ್ಯರು ಬುಧವಾರ ಸಂತೆಗೆ ಬಂದಾಗ ಹೋಲಿಸಿ ನೋಡಬಹುದು.