ಹಳೆಯ ಮಾರುತಿ 800: ಎಂಜಿನ್‌ಗಿಂತ ಮೊದಲು ತಗಡು

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ 800 ಇಂದಿಗೂ ಕರ್ನಾಟಕದ ಸಣ್ಣ ಊರುಗಳಲ್ಲಿ ಕೈಯಿಂದ ಕೈಗೆ ಮಾರಾಟವಾಗುತ್ತಿದ್ದು, ಹೊಸದಾಗಿ ಕಾರು ಕಲಿತವರು ಅದನ್ನೇ ಮೊದಲು ವಿಚಾರಿಸುವುದುಂಟು. 2010ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್-4 ಎಂಬ ಹೊಗೆ ನಿಯಂತ್ರಣದ ಮಾನದಂಡ ಜಾರಿಯಾದ 13 ನಗರಗಳಲ್ಲಿ ಬೆಂಗಳೂರೂ ಸೇರಿದ್ದರಿಂದ ಅಲ್ಲಿ ಹೊಸ 800ರ ಮಾರಾಟ ಆಗಲೇ ಮುಗಿಯಿತು. ಅದಕ್ಕೂ ಈಚಿನ ಕಾರು ಬೇಕೆಂದರೆ ರಾಜ್ಯದ ಇತರ ಊರುಗಳ ನೋಂದಣಿಯನ್ನೇ ಹುಡುಕಬೇಕಾಗುತ್ತದೆ.

ಮೂರು ಸಿಲಿಂಡರುಗಳ 796 ಸಿಸಿ ಎಂಜಿನ್ ಸರಳವಾದುದು, ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ತಾಲ್ಲೂಕು ಕೇಂದ್ರಗಳಲ್ಲಿಯೂ ಸಿಗುತ್ತಾನೆ. ಹಳೆಯ ಮಾದರಿಗಳಲ್ಲಿ ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್‌ಗೆ ಕೊಡುವ ಕೆಲಸ ಕಾರ್ಬುರೇಟರಿನದು. ಅದರ ಸೂಕ್ಷ್ಮ ರಂಧ್ರಗಳಲ್ಲಿ ಕಸ ಕಟ್ಟಿಕೊಂಡರೆ ಬೆಳಗ್ಗೆ ಗಾಡಿ ಸುಲಭವಾಗಿ ಚಾಲೂ ಆಗುವುದಿಲ್ಲ, ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಆರಿಹೋಗುತ್ತದೆ. ಈಗ ಬಂಕುಗಳಲ್ಲಿ ದೊರೆಯುವ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಪೈಪು, ವಾಷರುಗಳನ್ನು ಮೆದುಗೊಳಿಸಿ ಸೋರಿಕೆಗೆ ದಾರಿಮಾಡಬಲ್ಲದಾದ್ದರಿಂದ ಅವನ್ನು ಕೊಂಡೊಡನೆ ಬದಲಿಸುವುದು ಕ್ಷೇಮ. ನಂತರ ಬಂದ ಎಂಪಿಎಫ್ಐ, ಅಂದರೆ ಎಲೆಕ್ಟ್ರಾನಿಕ್ ನಿಯಂತ್ರಣದಲ್ಲಿ ಪ್ರತಿ ಸಿಲಿಂಡರಿಗೂ ಇಂಧನ ಚಿಮುಕಿಸುವ ಮಾದರಿಗಳಿಗೆ ಈ ಕಾಟ ಕಡಿಮೆ.

ಈ ಎಂಜಿನ್‌ಗೆ ನಿಜವಾದ ಶತ್ರು ಬಿಸಿ. ರೇಡಿಯೇಟರಿಗೆ ಕೂಲೆಂಟ್ ಬದಲು ವರ್ಷಗಟ್ಟಲೆ ಬೋರ್‌ವೆಲ್ ನೀರನ್ನೇ ತುಂಬಿಸಿದ್ದರೆ ಒಳಗೆ ಸುಣ್ಣದಂಶ ಕಟ್ಟಿಕೊಂಡು ನೀರಿನ ಹರಿವು ಕುಗ್ಗುತ್ತದೆ. ಎಂಜಿನ್ ವಿಪರೀತ ಕಾದಾಗ ಅಲ್ಯೂಮಿನಿಯಂನ ಸಿಲಿಂಡರ್ ಹೆಡ್ ಬಾಗಿ, ಅದರ ಕೆಳಗಿನ ಗ್ಯಾಸ್ಕೆಟ್ ಎಂಬ ಬಿಗಿಪಟ್ಟಿ ಸುಟ್ಟು, ನೀರು ಆಯಿಲಿಗೆ ಸೇರುತ್ತದೆ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಪದಾರ್ಥ ಕಂಡರೆ, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಅಂಥ ಕಾರನ್ನು ಬಿಡುವುದೇ ಲೇಸು. ವಾಲ್ವುಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಹಲ್ಲುಳ್ಳ ರಬ್ಬರ್ ಪಟ್ಟಿಯಾಗಿದ್ದು, ಅದು ತುಂಡಾದರೆ ಕಾರು ಅಲ್ಲಿಯೇ ನಿಲ್ಲುತ್ತದೆ. ಯಾವಾಗ ಬದಲಿಸಿದ್ದೆಂದು ಮಾರುವವರಿಗೆ ತಿಳಿಯದಿದ್ದರೆ ಹೊಸದನ್ನು ಹಾಕಿಸುವುದು ಅನಿವಾರ್ಯ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಮುಂದೆ ಸಾಗಿದಾಗ ಮುಂಚಕ್ರದ ಬಳಿ ಕೇಳುವ ಟಕಟಕ ಸದ್ದು, ಆಕ್ಸೆಲಿನ ಕೀಲು ಸವೆದಿರುವುದರ ಸಾಮಾನ್ಯ ಗುರುತು.

ಇವೆಲ್ಲ ರಿಪೇರಿಯಾಗುವ ದೋಷಗಳು. ತುಕ್ಕಿನ ವಿಷಯ ಹಾಗಲ್ಲ. ಲಾರಿಗಿರುವಂತೆ ಈ ಕಾರಿಗೆ ಪ್ರತ್ಯೇಕ ಚಾಸಿಯಿಲ್ಲ, ಮಡಚಿ ಬೆಸೆದ ತಗಡಿನ ಒಡಲೇ ಎಂಜಿನ್‌ನ ಭಾರವನ್ನೂ ಚಕ್ರಗಳ ಹೊಡೆತವನ್ನೂ ಹೊರುತ್ತದೆ. ಹೀಗಾಗಿ ನೆಲ, ಬಾಗಿಲಿನ ಕೆಳಗಿನ ಅಂಚು, ಬ್ಯಾಟರಿಯ ತಟ್ಟೆ, ಮುಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗ ಇವು ತಿಂದುಹೋಗಿದ್ದರೆ ಅಪಘಾತದಲ್ಲಿ ಒಳಗಿದ್ದವರಿಗೆ ಸಿಗಬೇಕಾದ ಅಲ್ಪ ರಕ್ಷಣೆಯೂ ಇಲ್ಲವಾಗುತ್ತದೆ. ಉಪ್ಪುಗಾಳಿಯ ಕರಾವಳಿಯಲ್ಲಿ ಓಡಿದ ಕಾರುಗಳಲ್ಲಿ ಈ ಹಾನಿ ಹೆಚ್ಚು. ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆಸಿ ಮಾರುವ ರೂಢಿಯಿರುವುದರಿಂದ ಥಳಥಳಿಸುವ ಹೊಸ ಬಣ್ಣವೇ ಅನುಮಾನಕ್ಕೆ ಕಾರಣವಾಗಬೇಕು. ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಕೆಳಭಾಗದ ಉದ್ದಕ್ಕೂ ಸರಿಸಿದರೆ, ದಪ್ಪ ಪುಟ್ಟಿಯಿರುವೆಡೆ ಅದು ಕಚ್ಚುವುದಿಲ್ಲ. ನೆಲಹಾಸನ್ನು ಎತ್ತಿ ತೋರಿಸಲು ಒಪ್ಪದ ಮಾರಾಟಗಾರನೊಡನೆ ಚೌಕಾಸಿ ವ್ಯರ್ಥ.

ಕಾಗದಪತ್ರಗಳ ಲೆಕ್ಕವೂ ತಗಡಿನ ಸ್ಥಿತಿಗೇ ಸೇರಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಆ ಬಳಿಕ ಯೋಗ್ಯತಾ ತಪಾಸಣೆಯಲ್ಲಿ ತೇರ್ಗಡೆಯಾದರೆ ಐದು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ಕೊನೆಯದಾಗಿ ತಯಾರಾದ 800ಗಳಿಗೂ 2029ರ ಹೊತ್ತಿಗೆ ಆ ಸರದಿ ಬರಲಿದೆ. ಎಂಜಿನ್ ತುಸು ಸೊರಗಿದ್ದರೂ ತಗಡು ಗಟ್ಟಿಯಿರುವ ಕಾರನ್ನು ಧೈರ್ಯವಾಗಿ ಕೊಳ್ಳಬಹುದು. ಎಂಜಿನ್ ಎಷ್ಟೇ ನಯವಾಗಿ ಓಡಿದರೂ ನೆಲ ತೂತಾದ ಕಾರು ಯಾವ ಬೆಲೆಗೂ ಬೇಡ.